ಬಾಯ್ಲರಿನಲ್ಲಿ ಬೆಳೆದ ಕಲ್ಲು

ಮದ್ರಾಸಿನ ನುಂಗಂಬಾಕ್ಕಂನ ಒಂದು ಗ್ಯಾಲರಿಯ ಬಿಳಿ ಗೋಡೆಯ ಮೇಲೆ ನನ್ನ ಮೊಮ್ಮಗಳು ತೆಗೆದ ಫೋಟೋಗಳು ತೂಗುತ್ತಿವೆ. ಇದನ್ನು ಹಾಲಿನವನಿಗೆ ಹೇಳಿದೆ, ಇಸ್ತ್ರಿಯವನಿಗೆ ಹೇಳಿದೆ, ವಡಪಳನಿ ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಹೇಳಿದೆ. ಈಗ ನಿಮಗೂ ಹೇಳುತ್ತಿದ್ದೇನೆ.

ಹೆಂಡತಿ ಹೋದ ಮೇಲೆ ನನಗೆ ಯಾವುದೂ ಹತ್ತಿರ ಬರುತ್ತಿರಲಿಲ್ಲ. ಅಳುವೂ ಬರಲಿಲ್ಲ. ಫ್ಯಾನು ತಿರುಗುತ್ತಿತ್ತು, ನೋಡುತ್ತಿದ್ದೆ. ಉಡುಪಿ ಕಡೆಯಿಂದ ಬಂದು ಆಯುಷ್ಯವಿಡೀ ಮದ್ರಾಸಿನ ಹೋಟೆಲಿನಲ್ಲಿ ಕಾಫಿ ಮಾಡಿದವನು ನಾನು; ಆ ಕಾಫಿಯೇ ನಾಲಿಗೆಗೆ ಬರೀ ಬಿಸಿನೀರಾಗಿತ್ತು. ಒಂದು ದಿನ ಪೂರ್ತಿ ಕುಡಿದು ಲೋಟ ಇಟ್ಟ ಮೇಲೆ ಮೊಮ್ಮಗಳು, "ಸಕ್ಕರೆಯೇ ಹಾಕಿರಲಿಲ್ಲ ಅಜ್ಜಾ" ಎಂದಳು. ನಗಿಸಲು ಹೊರಟವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಅವಳು ಫೋಟೋ ತೆಗೆಯುವುದನ್ನೇ ಓದುತ್ತಿರುವ ಹುಡುಗಿ. ಹಿಂದಿನ ಕಾಲದಲ್ಲಿ ಚೀನಾದ ಪಂಡಿತರು ವಿಚಿತ್ರ ಆಕಾರದ ಕಲ್ಲನ್ನು ಮರದ ಪೀಠದ ಮೇಲಿಟ್ಟು ಸುಮ್ಮನೆ ನೋಡುತ್ತ ಕೂರುತ್ತಿದ್ದರಂತೆ, ಬೆಟ್ಟವನ್ನೇ ಮನೆಗೆ ತಂದ ಹಾಗೆ. ಇವಳೂ ಪೀಠ ಮಾಡಿಸಿದಳು, ಹಿಂದೆ ಕಪ್ಪು ಬಟ್ಟೆ ಕಟ್ಟಿದಳು. ಒಂದು ಫೋಟೋದಲ್ಲಿ ಹೊಳೆಯ ಕಲ್ಲು. ಅದರ ಪಕ್ಕದ ಫೋಟೋದಲ್ಲಿ ಮನುಷ್ಯ ಮಾಡಿದ್ದು, ಗಿಂಡಿ ಎಂಬಲ್ಲಿನ ವರ್ಕ್‌ಶಾಪಿನ ಹಿಂದೆ ಸಿಕ್ಕ ಕರಗಿದ ಪ್ಲಾಸ್ಟಿಕ್ಕಿನ ಮುದ್ದೆಯೋ ಒಡೆದ ಕಾಂಕ್ರೀಟೋ. ಯಾವುದು ಯಾವುದೆಂದು ನೋಡುವವರೇ ಊಹಿಸಬೇಕು.

"ಎಂಥದು ಮಾರಾಯ್ತಿ ಇದು, ದೇವರಿಗೆ ಇಟ್ಟ ಹಾಗೆ ಪೀಠ, ಮೇಲೆ ಪ್ಲಾಸ್ಟಿಕ್ಕು?"

"ನೀಂಗ ಸುಮ್ಮಾ ಪಾರುಂಗ ಅಜ್ಜಾ." ಸುಮ್ಮನೆ ನೋಡಿ ಎಂದು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಬಾಯಿಗೆ ಮೊದಲು ಬರುವುದು ತಮಿಳು.

ಕೊನೆಯ ಒಂದು ಫೋಟೋ ಬಾಕಿಯಿತ್ತು. ಅದಕ್ಕೆಂದು ನನ್ನ ಹಳೆಯ ಹೋಟೆಲಿಗೆ ಹೋಗಿ, ಗುಜರಿಗೆ ಹಾಕಲು ಇಟ್ಟಿದ್ದ ಬಾಯ್ಲರಿನ ಒಳಗಿಂದ ಒಂದು ಗಟ್ಟಿಯನ್ನು ಒಡೆದು ತಂದಳು. ಬೋರಿನ ನೀರು ಕುದಿದು ಕುದಿದು ತಳದಲ್ಲಿ ಪದರ ಪದರವಾಗಿ ಕಟ್ಟಿದ ಸುಣ್ಣದ ಕಲ್ಲು, ತೆಂಗಿನಕಾಯಿಯಷ್ಟು ದೊಡ್ಡದು. ನಾನು ಕಾಫಿಗೆ ನೀರು ಹಿಡಿಯುತ್ತಿದ್ದ ಬಾಯ್ಲರು ಅದು. ಈ ಕಲ್ಲನ್ನು ನೀರು ಮಾಡಿತೋ ಮನುಷ್ಯ ಮಾಡಿದನೋ, ಅವಳಿಗೇ ಹೇಳಲಾಗಲಿಲ್ಲ. ಅದಕ್ಕೇ ಅದು ಬೇಕಿತ್ತು. ಅದಿಲ್ಲದಿದ್ದರೆ ಗೋಡೆಗೆ ಏನೂ ಹಾಕುವುದಿಲ್ಲ ಎಂದಿದ್ದಳು.

ಹೆಂಡತಿಯ ಮಾಸಿಕ ಶ್ರಾದ್ಧದ ಹಿಂದಿನ ದಿನ ದೀಪ ತಿಕ್ಕಲು ಹುಣಸೆಹುಳಿ ಕಿವುಚಿದ್ದೆ. ಇನ್ನೂ ಫೋಟೋ ತೆಗೆಯದ ಆ ಸುಣ್ಣದ ಕಲ್ಲು ಬಾಲ್ಕನಿಯಲ್ಲಿ ಕರಿ ಹಿಡಿದು ಕುಳಿತಿತ್ತು. ಹೋಟೆಲಿನಲ್ಲಿ ಬಾಯ್ಲರಿನ ಸುಣ್ಣ ಬಿಡಿಸುತ್ತಿದ್ದುದೂ ಹುಣಸೆಹುಳಿಯಲ್ಲೇ. ಕೈ ತಾನಾಗಿ ಅದನ್ನೆತ್ತಿ ಬಕೆಟ್ಟಿಗೆ ಹಾಕಿತು, ಹಿಂಡಿದ ಲಿಂಬೆಯನ್ನೂ ಹಾಕಿತು. ಸಣ್ಣ ಗುಳ್ಳೆಗಳು ಏಳುವುದನ್ನು ನೋಡುತ್ತ ಕುಳಿತೆ. ತೆಗೆಯಬೇಕೆಂದು ಹೊಳೆಯಲಿಲ್ಲ. ಮಧ್ಯಾಹ್ನ ತೆಂಗಿನ ನಾರಿನಿಂದ ತಿಕ್ಕಿದಾಗ ಮೆತ್ತಗಾದ ಪದರಗಳು ಕೈಗೇ ಬಂದವು.

ಸಂಜೆ ಬಂದವಳು ಬಕೆಟ್ಟಿನ ಮುಂದೆ ನಿಂತಳು.

"ಅಜ್ಜಾ, ಎನ್ನ ಪಣ್ಣೀಂಗ?" ಏನು ಮಾಡಿದಿರಿ ಎಂದು.

"ಕರಿ ಹಿಡಿದಿತ್ತಲ್ಲ, ತೊಳೆದು ಕೊಡುವಾ ಅಂತ."

"ತೊಳೆದದ್ದಾ? ಪಾದಿ ಕಾಣೋಂ." ಅರ್ಧ ಕಲ್ಲೇ ಇಲ್ಲ ಎಂದು.

ಅವಳ ಕಣ್ಣು ತುಂಬಿತ್ತು. ನನಗೆ ಆಗಲೂ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂಬುದಷ್ಟೇ ತಿಳಿಯಿತು.

ಅವಳು ಕಲ್ಲನ್ನು ಎತ್ತಿ ಹಿಡಿದಳು. ಅದರಲ್ಲಿ ತೂತುಗಳು ಬಿದ್ದಿದ್ದವು. ಒಂದರ ಆಚೆ ಟ್ಯೂಬ್‌ಲೈಟು ಕಾಣುತ್ತಿತ್ತು. ತಿರುಗಿಸಿದಳು, ಮತ್ತೆ ತಿರುಗಿಸಿದಳು. ಆಮೇಲೆ ಹೇಳಿದಳು: ಚೀನಾದಲ್ಲಿ ಕೆಲವರು ಕಲ್ಲಿಗೆ ತಾವೇ ತೂತು ಕೊರೆದು ಕೆರೆಯಲ್ಲಿ ಮುಳುಗಿಸಿಡುತ್ತಿದ್ದರಂತೆ. ನೀರು ಅದನ್ನು ಸವೆಸಿ ನಯ ಮಾಡಲು ತಲೆಮಾರುಗಳೇ ಬೇಕು. ಅಜ್ಜ ಮುಳುಗಿಸಿದ್ದನ್ನು ಮೊಮ್ಮಕ್ಕಳು ಎತ್ತುತ್ತಿದ್ದರಂತೆ.

"ನೀವು ಹುಣಸೆಹುಳಿಯಲ್ಲಿ ಒಂದೇ ದಿನಕ್ಕೆ ಮುಗಿಸಿದ್ರಿ," ಎಂದು ಮೂಗು ಒರೆಸಿಕೊಂಡು ಕ್ಯಾಮೆರಾ ತಂದಳು.

ಗ್ಯಾಲರಿಯಲ್ಲಿ ಪ್ರತಿ ಫೋಟೋದ ಕೆಳಗೂ ಒಂದು ಮಡಚಿದ ಚೀಟಿ. ಊಹಿಸಿದ ಮೇಲೆ ಬಿಡಿಸಿದರೆ, ಮಾಡಿದವರು ಯಾರೆಂದು ಇರುತ್ತದೆ. ಹೊಳೆ. ಕಾರ್ಖಾನೆ. ಸಮುದ್ರ. ನಮ್ಮ ಕಲ್ಲಿನ ಚೀಟಿಯಲ್ಲಿ: ಮದ್ರಾಸಿನ ನೀರು, ಅಜ್ಜ. ಅದೊಂದನ್ನು ಕನ್ನಡದಲ್ಲೂ ಬರೆದಿದ್ದಳು, ಯಾರ ಹತ್ತಿರ ಕೇಳಿ ಬರೆದಳೋ.

ಒಬ್ಬ ಹೆಂಗಸು ಚೀಟಿ ಬಿಡಿಸಿ, ಯಾರು ಈ ಅಜ್ಜ ಎಂದು ತಮಿಳಿನಲ್ಲಿ ಕೇಳಿದರು.

"ನಾನ್ ದಾನ್," ನಾನೇ, ಎಂದೆ. ಹೋಟೆಲಿನಲ್ಲಿ ಆರ್ಡರು ಕೂಗುವ ಧ್ವನಿ ಬಂದುಬಿಟ್ಟಿತು. ಅಲ್ಲಿದ್ದವರೆಲ್ಲ ತಿರುಗಿದರು.

ಮೊಮ್ಮಗಳು ಓಡಿಬಂದು ಕೈಗೆ ಕಾಗದದ ಲೋಟದಲ್ಲಿ ಕಾಫಿ ಕೊಟ್ಟಳು. ಒಂದು ಗುಟುಕು ಕುಡಿದೆ.

"ಡಿಕಾಕ್ಷನ್ ತೆಳು," ಎಂದೆ. "ಅದೇ ಪುಡಿಯಲ್ಲಿ ಎರಡನೇ ಸಲ ಇಳಿಸಿದ್ದು. ಹಾಲು ಬೇರೆ ತಳ ಹಿಡಿದಿದೆ."

ಅವಳು ಲೋಟವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. "ಅಜ್ಜಾ, ನಿಮಗೆ ರುಚಿ ಗೊತ್ತಾಯ್ತಾ?"

ಗೊತ್ತಾಗಿತ್ತು. ಅಷ್ಟು ಕೆಟ್ಟ ಕಾಫಿಯನ್ನು ತಳದವರೆಗೆ ಕುಡಿದು, ಇನ್ನೊಂದು ಲೋಟ ಕೇಳಿದೆ.