ಮೀನಿನ ಸಾರಿಲ್ಲದ ವಸತಿಗೃಹ

ಕ್ಯೋಟೋ ನಗರದಲ್ಲಿ ನಾವಿಬ್ಬರೇ ನಾಲ್ಕು ದಿನ ಇದ್ದು ಬರಬೇಕೆಂದು ಮಾತಾಗಿತ್ತು. ಚಾಪೆ ಹಾಸಿದ ಕೋಣೆಗೇ ಊಟ ತಂದುಕೊಡುವ ಹಳೆಯ ಕಾಲದ ಜಪಾನಿ ವಸತಿಗೃಹವೊಂದನ್ನು ಹುಡುಕುವ ಕೆಲಸ ನನ್ನದು. ನಾನು ಶಾಲೆಯಲ್ಲಿ ಪಾಠ ಹೇಳುವವಳು; ಏನನ್ನೂ ಎರಡು ಸಲ ನೋಡದೆ ಒಪ್ಪುವುದಿಲ್ಲ. ನಮ್ಮದು ಮೀನು ಮಾಂಸ ಮುಟ್ಟದ ಮನೆ; ಅಲ್ಲಿ ತರಕಾರಿ ಅಡುಗೆಗೂ ಒಣಮೀನಿನ ಸಾರು ಹಾಕುತ್ತಾರೆಂದು ತಿಳಿದ ಮೇಲೆ, ಅದಿಲ್ಲದೆ ಅಡುಗೆ ಮಾಡುತ್ತೀರಾ ಎಂದು ಒಂದೊಂದೇ ಕಡೆಗೆ ಬರೆದು ಕೇಳಿದೆ. ಆರು ಕಡೆಯವರು ಆಗುವುದಿಲ್ಲವೆಂದು ವಿನಯದಿಂದ ಬರೆದರು.

“ಯಾವುದಾದ್ರೂ ಒಂದು ಬುಕ್ ಮಾಡೇ. ಒಂದು ಚೂರು ಸಾರಿಗೆ ಏನಾಗುತ್ತೆ?” ಎಂದರು ನನ್ನ ಗಂಡ.

“ನಿಮಗೋಸ್ಕರಾನೇ ಕೇಳ್ತಿರೋದು. ಮುಂದಿನ ಟರ್ಮ್ ರಜೆಗೆ ಹೋಗೋಣ ಬಿಡಿ.”

ಆ ರಜೆ ಬರುವ ಮೊದಲೇ ಅವರು ಹೃದಯಾಘಾತದಿಂದ ತೀರಿಕೊಂಡರು.

ಹದಿನೈದು ದಿನದ ಮೇಲೆ, ನಾವು ನೆಲೆಸಿರುವ ನ್ಯೂಜಿಲೆಂಡಿನ ಟೌರಂಗಾ ಬಂದರಿನಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಇಲ್ಲಿನವರೊಬ್ಬರು ಮನೆಗೆ ಬಂದರು. ನಾನು ಅವರನ್ನು ನೋಡಿದ್ದು ಅದೇ ಮೊದಲು.

“ಶುಕ್ರವಾರ ಅವನಿಲ್ಲದೆ ಫಿಶ್ ಅಂಡ್ ಚಿಪ್ಸ್ ತಿನ್ನೋಕೆ ಮನಸ್ಸೇ ಬರೋದಿಲ್ಲ. ನನ್ನ ಪಾಲಿನ ಮೀನನ್ನೂ ಎತ್ತಿಕೊಳ್ತಿದ್ದ, ಕಳ್ಳ!” ಎಂದರು.

“ಎಷ್ಟು ವರ್ಷದಿಂದ?”

“ಕೆಲಸಕ್ಕೆ ಸೇರಿದಾಗಿನಿಂದ. ಒಂಬತ್ತು ವರ್ಷ.” ನನ್ನ ಮುಖ ನೋಡಿ ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. “ನಿಮಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು,” ಎಂದೆ.

ಅವರು ಮಾತು ಬದಲಿಸಿದರು. “ಜಪಾನಿನ ವಿಷಯವನ್ನೇ ಸದಾ ಹೇಳ್ತಿದ್ದ. ಯಾಕೆ ಹೋಗಲೇ ಇಲ್ಲ?”

“ಅವರಿಗೆ ಒಗ್ಗುವ ಊಟ ಹುಡುಕುತ್ತಿದ್ದೆ,” ಎಂದೆ.