ಸುಡುವ ಕಲ್ಲಿನ ಮೇಲೆ ನಿಧಾನದ ನಡಿಗೆ

ಮಟಮಟ ಮಧ್ಯಾಹ್ನ ಬೇಲೂರು ದೇವಸ್ಥಾನದ ಅಂಗಳದ ಕಲ್ಲು ಕಾದ ಹೆಂಚಿನಂತಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಂದ ನಾವೆಲ್ಲ ನೆರಳಿಗೆ ಓಡಿದೆವು. ಒಬ್ಬ ಹೆಂಗಸು ಮಾತ್ರ ಗಂಡನ ಹೆಗಲು ಹಿಡಿದು, ಕಾಲೆಳೆಯುತ್ತಾ ನಿಧಾನವಾಗಿ ಬಂದಳು. ಮುಖದಲ್ಲಿ ನೋವೇ ಇರಲಿಲ್ಲ. ಹರಕೆ ಇರಬೇಕೆಂದುಕೊಂಡೆ.

ಅಪರಿಚಿತರೊಡನೆ ಮಾತಾಡುವವಳಲ್ಲ ನಾನು. ಆದರೂ ಬಾಯಿ ತಡೆಯಲಿಲ್ಲ. "ಏನ್ ಭಕ್ತಿನವ್ವಾ ನಿಂದು! ನಾವೆಲ್ಲ ಕೋತಿ ಕುಣ್ದಂಗೆ ಕುಣುದ್ವಿ."

ಅವಳು ನಕ್ಕು, ಪಕ್ಕದಲ್ಲೇ ಕಾಲು ಚಾಚಿ ಕುಳಿತಳು. ಎರಡೂ ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು.

"ಅಯ್ಯೋ, ಸುಟ್ಟೋಗೈತಲ್ಲವ್ವಾ!"

ಅವಳು ಬಗ್ಗಿ, ಬೇರೆ ಯಾರದೋ ಕಾಲೆಂಬಂತೆ ನೋಡಿದಳು. "ಹೌದಾ? ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ನರದ ಕಾಯಿಲೆ ಕಣಮ್ಮಾ. ಕಾಲು ಹೆಂಗೋ ನಡೀತೈತೆ, ಸುಟ್ರೆ ಮಾತ್ರ ಹೇಳಲ್ಲ."

ಗಂಡನ ಮುಖ ಬಿಳುಚಿಕೊಂಡಿತು. "ಕಾಲ್ಚೀಲ ಹಾಕ್ಕೊ ಅಂದ್ರೆ, ದೇವ್ರ ಮುಂದೆ ಬ್ಯಾಡ ಅಂದ್ಲು. ಈ ಬೊಬ್ಬೆ ಮಾಯೋಗಂಟ ಕಾಲೂರಂಗಿಲ್ಲ, ಈಗ ಇರೋ ನಡಿಗೇನೂ ಹೋಯ್ತಲ್ಲೇ!" ಎನ್ನುತ್ತಾ ನೀರಿಗೆ ಓಡಿದ. ಅವಳ ನಗು ಆಗ ನಿಂತಿತು.

ಈಚೆಗೆ ಮೊಮ್ಮಕ್ಕಳು ಅದೇ ಅಂಗಳದಲ್ಲಿ, "ಅಜ್ಜೀ, ಕಾಲು ಸುಡ್ತೈತೆ!" ಎಂದು ಕಿರುಚುತ್ತಾ ಓಡಿದರು. ಉಳಿದವರು ಗದರಿದರು. ಆ ಕೂಗು ಕೇಳಿ ನನಗೆ ಮಾತ್ರ ಜೀವ ತಣ್ಣಗಾಯಿತು.