ಅಳತೆಗೆ ಕೊಟ್ಟ ಮೂಗು

ಮೊನ್ನೆ ಮೂಡುಬಿದಿರೆಯ ಕನ್ನಡಕದ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ ಹೊಸ ಫ್ರೇಮೊಂದನ್ನು ನನ್ನ ಮುಖಕ್ಕಿಟ್ಟು, ಹಿಂದೆ ಸರಿದು ನೋಡಿ, "ನಿಮ್ಮ ಮೂಗಿನಿಂದ ಯಾವ ಫ್ರೇಮೂ ಜಾರುದಿಲ್ಲ ಮೇಡಂ, ಒಳ್ಳೆ ಸ್ಟ್ಯಾಂಡ್ ಉಂಟು" ಎಂದ. ಹೊಗಳಿದನೋ ಗೇಲಿ ಮಾಡಿದನೋ ತಿಳಿಯಲಿಲ್ಲ. ಮೂಗಿನ ಮಾತು ಬಂದರೆ ನನಗೆ ಮಾಮಿ ನೆನಪಾಗುತ್ತಾರೆ.

ಮಾಮಿ ಎಂದರೆ ಅಪ್ಪನ ತಂಗಿ. ತುಳುವಿನಲ್ಲಿ ನಾವು ಅತ್ತೆಯನ್ನು ಹಾಗೇ ಕರೆಯುವುದು. ವೇಣೂರಿನ ಪೇಟೆಯಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿಗೆ ಅವರದೊಂದು ಹೊಲಿಗೆ ಅಂಗಡಿ. ಮೆಷಿನನ್ನು ರಸ್ತೆಗೆ ಮುಖ ಮಾಡಿಟ್ಟುಕೊಂಡು, ಬಸ್ಸಿಳಿದವರನ್ನೆಲ್ಲ ವಿಚಾರಿಸುತ್ತಾ ರವಿಕೆ ಹೊಲಿಯುತ್ತಿದ್ದರು. ಕಂಡವರ ವಿಷಯಕ್ಕೆ ಮೂಗು ತೂರಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಸಿಟ್ಟೂ ಮೂಗಿನ ತುದಿಯಲ್ಲೇ. ಆ ಮೂಗಾದರೂ ಎಂಥದ್ದು! ನಡುವೆ ಒಂದು ಉಬ್ಬು, ತುದಿ ತುಸು ಬಲಕ್ಕೆ ವಾಲಿದ್ದು. ಅದೇ ನನಗೂ ಬಂದಿತ್ತು. ಹೆಣ್ಣು ನೋಡಲು ಬರುವ ಕಾಲದಲ್ಲಿ ಕನ್ನಡಿಯ ಮುಂದೆ ನಿಂತು ಅತ್ತದ್ದೂ ಉಂಟು. "ಒಂದೇ ಥಾನಿನ ಬಟ್ಟೆ ಮಾರಾಯ್ತಿ, ಎಂತ ಮಾಡ್ಲಿಕ್ಕಾಗ್ತದೆ?" ಎಂದು ಮಾಮಿ ನಗುತ್ತಿದ್ದರು.

ಆ ಮೂಗಿನೊಳಗೆ ಹುಣ್ಣಾಯಿತು. ಕ್ಯಾನ್ಸರ್ ಎಂದರು. ಜೀವ ಉಳಿಯಬೇಕಾದರೆ ಮೂಗನ್ನು ತೆಗೆಯಲೇಬೇಕು ಎಂದರು. ತೆಗೆದರು.

ಆಮೇಲೆ ನಮ್ಮ ಮನೆಯಲ್ಲಿ ಮಾತಾಡುವುದೇ ಕಷ್ಟವಾಯಿತು. ನೀವೇ ನೋಡಿ, ಮೂಗನ್ನು ಬಿಟ್ಟು ನಮಗೆ ಬೈಯಲೂ ಬರುವುದಿಲ್ಲ, ಬೆರಗಾಗಲೂ ಬರುವುದಿಲ್ಲ. ಅಪ್ಪ ಯಾವುದೋ ಸುದ್ದಿ ಹೇಳುತ್ತಾ "ಊರವರೆಲ್ಲ ಮೂಗಿನ ಮೇಲೆ..." ಎಂದವರು ಕೆಮ್ಮಿ ಸುಮ್ಮನಾಗುತ್ತಿದ್ದರು. ನಮ್ಮ ಜೊತೆಗೇ ಇದ್ದ ಮಾಮಿ ಮಾಸ್ಕ್ ಹಾಕಿಕೊಂಡು ಒಳಕೋಣೆ ಸೇರಿದರು. ಅಂಗಡಿಗೆ ಬೀಗ ಬಿತ್ತು.

ಹೊಸ ಮೂಗು ಮಾಡಿಕೊಡುತ್ತಾರೆಂದು ಕೇಳಿ ಮಂಗಳೂರಿಗೆ ಕರೆದುಕೊಂಡು ಹೋದರೆ, ಆಸ್ಪತ್ರೆಯಲ್ಲಿ ನಮ್ಮನ್ನು ಕಳುಹಿಸಿದ್ದು ಹಲ್ಲಿನ ವಿಭಾಗಕ್ಕೆ. "ಹಲ್ಲು ಕಟ್ಟುವವರು ಮೂಗೂ ಕಟ್ತಾರಾ?" ಎಂದು ಮಾಮಿಗೆ ಅನುಮಾನ. ಅಲ್ಲಿನ ಡಾಕ್ಟರಮ್ಮ, "ನಿಮಗೆ ಹೇಗಿರಬೇಕಮ್ಮ?" ಎಂದು ಕೇಳಿದರು.

"ಚಂದ ಬೇಡ. ಅಂಗಡಿಯಲ್ಲಿ ರಸ್ತೆಗೆ ಮುಖ ಮಾಡಿ ಕೂತ್ಕೊಳ್ಳುವ ಹಾಗೆ ಆದ್ರೆ ಸಾಕು."

ಹಳೆಯ ಫೋಟೋಗಳೆಲ್ಲ ಎದುರಿನಿಂದ ತೆಗೆದವು. ಮೂಗಿನ ಎತ್ತರ ತಿಳಿಯುವಂತಿರಲಿಲ್ಲ. ಆಗ ಮಾಮಿ ನನ್ನ ಕೈ ಹಿಡಿದು ಮುಂದಕ್ಕೆಳೆದರು. "ಇವಳದ್ದು ತೆಗೀರಿ. ಇವಳೇ ನನ್ನ ಅಳತೆ ರವಿಕೆ."

ನಮ್ಮ ಕಡೆಯ ಹೆಂಗಸರು ಟೈಲರಿಗೆ ಬಟ್ಟೆ ಕೊಡುವಾಗ, ಮೈಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಅಳತೆಗೆಂದು ಜೊತೆಗಿಡುತ್ತಾರೆ. ಹೊಸದು ಹೊಲಿದಾದ ಮೇಲೆ ಅದನ್ನು ಮರಳಿ ಕೊಡಬೇಕು. ನನ್ನ ಅಷ್ಟು ವರ್ಷಗಳ ಬದುಕಿನಲ್ಲಿ ಆ ಮೂಗಿಗೆ ಒಂದು ಉಪಯೋಗ ಸಿಕ್ಕಿದ್ದು ಅವತ್ತೇ.

ಡಾಕ್ಟರಮ್ಮ ಇಸ್ತ್ರಿಪೆಟ್ಟಿಗೆಯಂಥ ಯಂತ್ರವೊಂದನ್ನು ಹಿಡಿದು ನನ್ನ ಮುಖದ ಸುತ್ತ ಬೆಳಕು ಆಡಿಸಿದರು. "ಟೇಪು ಮುಟ್ಟಿಸದೆ ಅಳತೆ ತೆಗೆಯುವ ಟೈಲರ್ ಇವರು" ಎಂದು ಮಾಮಿ ಪಿಸುಗುಟ್ಟಿದರು. ಬಳಿಕ ಅವರ ಮುಖಕ್ಕೂ ಅದೇ ಬೆಳಕು. ಕಂಪ್ಯೂಟರಿನಲ್ಲಿ ಎರಡು ಬೂದು ಮುಖಗಳು ಮೂಡಿದವು. ಡಾಕ್ಟರಮ್ಮ ನನ್ನ ಮೂಗನ್ನು ಎತ್ತಿ ಮಾಮಿಯ ಮುಖದಲ್ಲಿ ಕೂರಿಸಿದರು. ಮಾಮಿ ಪರದೆಯ ಮೇಲೆ ಬೆರಳಿಟ್ಟು, "ಬಂದೆಯಾ?" ಎಂದರು.

ಸಿಲಿಕೋನಿನ ಮೂಗು ಬಂತು. ಬಣ್ಣ ಥೇಟು ಮಾಮಿಯ ಚರ್ಮದ್ದೇ. ಕನ್ನಡಕದ ಫ್ರೇಮಿಗೆ ಸೇರಿಸಿ ಮಾಡಿದ್ದರು. ಕನ್ನಡಕ ಹಾಕಿಕೊಂಡರೆ ಮೂಗು ತಾನಾಗಿ ಕೂರುತ್ತಿತ್ತು. ಅಂಗಡಿಯ ಬಾಗಿಲು ತೆರೆಯಿತು. ಬಸ್ಸಿಳಿದವರ ವಿಚಾರಣೆ ಮತ್ತೆ ಶುರುವಾಯಿತು.

ಆದರೆ ಸೂಜಿಗೆ ನೂಲು ಹಾಕುವಾಗ ಕನ್ನಡಕವನ್ನು ಹಣೆಗೇರಿಸುವುದು ಮಾಮಿಯ ಹಳೆಯ ಅಭ್ಯಾಸ. ನಾನು ಅಂಗಡಿಯಲ್ಲಿದ್ದ ಒಂದು ದಿನ, ಪಕ್ಕದ ಬೀದಿಯ ಐಸಮ್ಮ ಫ್ರಾಕ್ ಹೊಲಿಸಲು ಪುಟ್ಟ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಮಾತಿನ ಭರದಲ್ಲಿ ಮಾಮಿ ಕನ್ನಡಕ ಎತ್ತಿಬಿಟ್ಟರು. ಮೂಗೂ ಹಣೆಗೇರಿತು. ಮಗು ಕಿಟಾರನೆ ಕಿರುಚಿತು. ಏನಾಯಿತೆಂದು ಮಾಮಿಗೆ ತಕ್ಷಣ ತಿಳಿಯಲೇ ಇಲ್ಲ. ಮಗುವಿಗೆ ಏನೋ ಕಚ್ಚಿತೆಂದು ನೆಲ ನೋಡಿದರು.

ಐಸಮ್ಮ ಅವರ ಕೈಯಿಂದ ಸೂಜಿ ತೆಗೆದುಕೊಂಡರು. "ನೂಲು ನಾನು ಹಾಕ್ತೇನೆ ಅಕ್ಕ. ನೀವು ಕನ್ನಡಕ ಇಳಿಸಿ."

ಮರುದಿನ ಮೆಷಿನು ಗೋಡೆಗೆ ಮುಖ ಮಾಡಿತ್ತು. ನಾನು ತಿರುಗಿಸಲು ಹೋದರೆ ಮಾಮಿ ತಡೆದರು. "ಮೂಗು ಸರಿ ಉಂಟು ಮಗ. ನನ್ನ ಕೈಗೆ ಬುದ್ಧಿ ಇಲ್ಲ." ನಾನು ಮೆಷಿನಿನಿಂದ ಕೈ ತೆಗೆದೆ. ಐಸಮ್ಮ ಮಾತ್ರ ಆಗಾಗ ಬಂದು, ಗೋಡೆಗೂ ಮೆಷಿನಿಗೂ ನಡುವೆ ಹೇಗೋ ತೂರಿಕೊಂಡು ನಿಂತು, ಎದುರಿನಿಂದಲೇ ಮಾತಾಡಿಸಿ ಹೋಗುತ್ತಿದ್ದರು.

ಕಾಯಿಲೆ ಕುತ್ತಿಗೆಗೆ ಇಳಿಯಿತು. ಈ ಸಲ ತೆಗೆಯುವಂಥದ್ದು ಏನೂ ಇರಲಿಲ್ಲ.

ಮಾಮಿಯನ್ನು ಚಾವಡಿಯಲ್ಲಿ ಮಲಗಿಸಿದಾಗ ಹಿರಿಯರೊಬ್ಬರು ಬಳೆ, ಸರ ತೆಗೆಸಿ, ಏನೂ ಅರಿಯದೆ ಕನ್ನಡಕಕ್ಕೂ ಕೈ ಹಾಕಿದರು. ಬಾಗಿಲಲ್ಲಿ ನಿಂತಿದ್ದ ಐಸಮ್ಮ ಬೊಬ್ಬೆ ಹೊಡೆದರು. "ಅದು ತೆಗೀಬೇಡಿ! ಜನ ನೋಡ್ಲಿಕ್ಕೆ ಬರ್ತಾರಲ್ಲ, ಅಕ್ಕನಿಗೆ ಅದು ಬೇಕು."

ಬಂದವರೆಲ್ಲ ಮಾಮಿಯ ಮುಖ ನೋಡಿದರು. ಕನ್ನಡಕದ ಸಮೇತ ಅವರನ್ನು ಚಿತೆಗೇರಿಸಿದೆವು.

"ಮೇಡಂ, ಫ್ರೇಮು ಒಮ್ಮೆ ಮೇಲೆ ಮಾಡಿ ಈ ಅಕ್ಷರ ಓದಿ" ಎಂದ ಕನ್ನಡಕದ ಅಂಗಡಿಯಾತ. ನಾನು ಕನ್ನಡಕವನ್ನು ಹಣೆಗೇರಿಸಿದೆ. ನನಗರಿವಿಲ್ಲದೆ ಇನ್ನೊಂದು ಕೈ ಮುಖಕ್ಕೆ ಹೋಯಿತು. ಎದುರಿನ ಕನ್ನಡಿಯಲ್ಲಿ ಅದೇ ಉಬ್ಬು, ಬಲಕ್ಕೆ ವಾಲಿದ ಅದೇ ತುದಿ. ಹೊಲಿದದ್ದು ಬೆಂಕಿಗೆ ಹೋಗಿತ್ತು; ಅಳತೆಗೆ ಕೊಟ್ಟದ್ದು ನನ್ನ ಬಳಿಯೇ ಉಳಿದಿತ್ತು. ಒಂದು ಕಾಲಕ್ಕೆ ಬೇಡವೆಂದು ಅತ್ತಿದ್ದ ಅದೇ ಮೂಗನ್ನು ನೋಡಿ ಈಗ ಕಣ್ಣು ತುಂಬಿತು.

"ಎಂತಾಯ್ತು ಮೇಡಂ?"

"ಎಂತ ಇಲ್ಲ" ಎಂದೆ. "ಮೂಗು ಉಂಟಾ ಅಂತ ನೋಡಿದ್ದು."